ಡೋಸ್ ದಿನದಿಂದ ಹಿಂದಕ್ಕೆ ಎಣಿಸಿ: ಮೂತ್ರದ ಅಯೋಡಿನ್ ಪರೀಕ್ಷೆ ಯಾವಾಗ?

ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಆದಮೇಲೆ ಉಳಿದಿರುವ ಥೈರಾಯ್ಡ್ ಜೀವಕೋಶಗಳನ್ನು ನಾಶಮಾಡಲು ಕೆಲವರಿಗೆ ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್ ಕೊಡುತ್ತಾರೆ. ಅದಕ್ಕೆ ಮೊದಲು 1ರಿಂದ 2 ವಾರ ಅಯೋಡಿನ್ ಕಡಿಮೆ ಇರುವ ಊಟ, ದಿನಕ್ಕೆ 50 ಮೈಕ್ರೋಗ್ರಾಂ ಒಳಗೆ. ಉಡುಪಿಯಲ್ಲಿ ಕೂತು ಇದನ್ನು ಓದಿದರೆ ಮೊದಲು ನೆನಪಾಗುವುದು ಮಲ್ಪೆಯ ಮೀನು. ಬಂಗುಡೆ, ಸಿಗಡಿ ಬಿಟ್ಟರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಉಪ್ಪಿನ ಲೆಕ್ಕ ಹಾಕಿದೆ. ಅಯೋಡಿನ್ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬುದು ನಮ್ಮ ದೇಶದ ನಿಯಮ. ನಾಲ್ಕು ಗ್ರಾಂ ಉಪ್ಪಿಗೇ 60! ಮೀನು ಮುಟ್ಟದವರ ಸಾರು, ಉಪ್ಪಿನಕಾಯಿಯೂ ಮಿತಿ ದಾಟಿಸುತ್ತವೆ.

ಇಷ್ಟು ಕಟ್ಟುನಿಟ್ಟು ಯಾಕೆ? ಥೈರಾಯ್ಡ್ ಜೀವಕೋಶಕ್ಕೆ ಸಾದಾ ಅಯೋಡಿನ್, ರೇಡಿಯೋ ಅಯೋಡಿನ್ ಎರಡೂ ಒಂದೇ. 100 ಮಿಲಿಕ್ಯೂರಿ (ವಿಕಿರಣದ ಅಳತೆ) ಅಯೋಡಿನ್-131, ಅಂದರೆ ಈ ರೇಡಿಯೋ ಅಯೋಡಿನ್‌ನ ತೂಕ ಒಂದು ಮೈಕ್ರೋಗ್ರಾಂ ಕೂಡ ಇಲ್ಲ. ಊಟದ ಅಯೋಡಿನ್ ತುಂಬಿದ್ದರೆ ಪಾಪ ಇದಕ್ಕೆ ಒಳಗೆ ಹೋಗಲು ಜಾಗವೇ ಸಿಗುವುದಿಲ್ಲ, ಅಲ್ವಾ?

ನಾವು ತಿಂದ ಅಯೋಡಿನ್‌ನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಮೂತ್ರದಲ್ಲೇ ಹೋಗುತ್ತದೆ. ಹಾಗಾಗಿ ಮೂತ್ರ ನೋಡಿದರೆ ಈಚೆಗೆ ತಿಂದದ್ದು ಗೊತ್ತಾಗುತ್ತದೆ. ಇಲ್ಲೇ ದಿನಾಂಕದ ಪ್ರಶ್ನೆ ಬರುವುದು. ಪಥ್ಯ ಶುರುವಾದ ಮರುದಿನವೇ ಸ್ಯಾಂಪಲ್ ಕೊಟ್ಟರೆ ಹಳೆಯ ಊಟದ ಕತೆಯೇ ಬರುತ್ತದೆ. ಡೋಸ್‌ನ ಹಿಂದಿನ ಸಂಜೆ ಕೊಟ್ಟರೆ ರಿಪೋರ್ಟ್ ಕೈಗೆ ಸಿಗುವಾಗ ಡೋಸ್ ಹೊಟ್ಟೆಯಲ್ಲಿರುತ್ತದೆ. 25ಕ್ಕೆ ಡೋಸ್, 11ಕ್ಕೆ ಪಥ್ಯ ಶುರು ಅಂತಿಟ್ಟುಕೊಳ್ಳಿ. ನಾನಾದರೆ 19, 20ರ ಆಸುಪಾಸು ಸ್ಯಾಂಪಲ್ ಕಳಿಸುತ್ತೇನೆ. ಲ್ಯಾಬ್‌ಗೆ ಎಷ್ಟು ದಿನ ಬೇಕು ಅಂತ ಮೊದಲೇ ಕೇಳಿಕೊಂಡು.

ಪಥ್ಯ ಸರಿಯಿದ್ದೂ ಅಂಕಿ ಜಾಸ್ತಿ ಬಂದರೆ ರೋಗಿಯನ್ನು ಬೈಯುವ ಮೊದಲು ಸಿಟಿ ಸ್ಕ್ಯಾನ್ ಕೇಳಿ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ದ್ರವದಲ್ಲಿ ಅಯೋಡಿನ್ ಇರುತ್ತದೆ. ಎಂಎಲ್‌ಗೆ 300 ಮಿಲಿಗ್ರಾಂ ಅಯೋಡಿನ್ ಇರುವುದನ್ನು 100 ಎಂಎಲ್ ಕೊಟ್ಟರೆ 30 ಗ್ರಾಂ ಅಯೋಡಿನ್ ಒಳಗೆ ಹೋಯಿತು. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅಂದರೆ ಎರಡು ಲಕ್ಷ ದಿನಗಳ ಪಾಲು! ಅದಕ್ಕೇ ಸಾಮಾನ್ಯವಾಗಿ 4ರಿಂದ 8 ವಾರ ಕಾಯುವುದು. ಮೂತ್ರ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ ಅಂತ ನನಗನಿಸುತ್ತದೆ: ಕಾದದ್ದು ಸಾಕಾಯಿತೋ ಇಲ್ಲವೋ ಅಂತ ಅಂಕಿ ಹೇಳುತ್ತದೆ. ಹೃದಯದ ಮಾತ್ರೆ ಅಮಿಯೋಡರೋನ್ ಆದರೆ ವಾರಗಳಲ್ಲ, ತಿಂಗಳುಗಟ್ಟಲೆ. ಗಾಯಕ್ಕೆ ಹಚ್ಚುವ ಬೆಟಾಡಿನ್ ಕೇಳಲೂ ಮರೆಯಬೇಡಿ.

ಆಪರೇಷನ್ ಆದಮೇಲೆ ತಗೊಳ್ಳುವ ಥೈರಾಯ್ಡ್ ಹಾರ್ಮೋನ್ ಮಾತ್ರೆ ಥೈರಾಕ್ಸಿನ್ ಕೂಡ ಲೆಕ್ಕದಲ್ಲಿದೆ. ಅದರ ತೂಕದಲ್ಲಿ ಸುಮಾರು ಶೇಕಡಾ 65 ಅಯೋಡಿನ್. ಮಾತ್ರೆ ನಿಲ್ಲಿಸದೆ ಟಿಎಸ್‌ಎಚ್ (ಥೈರಾಯ್ಡ್ ಜೀವಕೋಶಗಳನ್ನು ಪ್ರಚೋದಿಸುವ ಹಾರ್ಮೋನ್) ಇಂಜೆಕ್ಷನ್ ತಗೊಳ್ಳುವವರಲ್ಲಿ ಅಂಕಿ ತುಸು ಮೇಲೇ ಇರಬಹುದು.

ಒಂದೇ ಸಲದ ಮೂತ್ರದ ಸ್ಯಾಂಪಲ್‌ನಲ್ಲಿ ನೀರು ಜಾಸ್ತಿ ಕುಡಿದವರ ಅಂಕಿ ಸುಮ್ನೆ ಇಳಿಯುತ್ತದೆ. ಅದಕ್ಕೆ ಕ್ರಿಯಾಟಿನಿನ್ (ದೇಹ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬಿಡುವ ತ್ಯಾಜ್ಯ) ಜೊತೆ ಹೋಲಿಸಿ ಓದುತ್ತಾರೆ. ಎಷ್ಟಿದ್ದರೆ ಸಾಕು ಅನ್ನುವ ಮಿತಿ ಎಲ್ಲ ಕಡೆ ಒಂದೇ ಅಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಲೀಟರಿಗೆ 100ರಿಂದ 199 ಮೈಕ್ರೋಗ್ರಾಂ ಸರಿ’ ಅನ್ನುವುದನ್ನು ಇಲ್ಲಿಗೆ ಹಚ್ಚಬೇಡಿ. ಅದು ಒಂದು ಊರಿನ ಜನರ ಮಧ್ಯದ ಅಂಕಿಗೆ, ಒಬ್ಬ ರೋಗಿಗೆ ಅಲ್ಲ. ನನ್ನ ನೋಟ್ಸ್‌ನಲ್ಲಿ ಎರಡೂ ಒಂದೇ ಪುಟದಲ್ಲಿದ್ದವು. ಈಗ ಬೇರೆ ಬೇರೆ ಮಾಡಿದ್ದೇನೆ.