ಕಂಪ್ಯೂಟರ್ ಎದುರು 4×4×4 ಟಿಕ್-ಟ್ಯಾಕ್-ಟೋ: ಬಲವಂತದ ನಡೆಗಳ ಲೆಕ್ಕ

ನಾಲ್ಕು ಅಂತಸ್ತು, ಒಂದೊಂದರಲ್ಲಿ 16 ಮನೆ, ಒಟ್ಟು 64. ಯಾವ ದಿಕ್ಕಿನಲ್ಲಾದರೂ ಸರಿ, ಒಂದೇ ಗೆರೆಯಲ್ಲಿ ತನ್ನ ನಾಲ್ಕು ಕಾಯಿ ಮೊದಲು ಕೂಡಿಸಿದವರು ಗೆದ್ದಂತೆ. ಕ್ಯೂಬಿಕ್ ಎಂಬ ಹೆಸರಿನಲ್ಲೂ ಈ ಆಟ ಪರಿಚಿತ. 3×3×3 ರೂಪದ ಮೇಲೆ ಸಮಯ ಹಾಕಬೇಡಿ: ಮೊದಲು ಆಡುವವರು ನಟ್ಟನಡುವಿನ ಮನೆ ಹಿಡಿದರೆ ಅಲ್ಲಿಗೆ ಆಟ ಮುಗಿದಂತೆಯೇ.

ಮನೆಗೆ ಮೂರು ಅಂಕಿಯ ಹೆಸರು ಕೊಟ್ಟುಕೊಳ್ಳಿ: ಅಂತಸ್ತು, ಅಡ್ಡಸಾಲು, ಕಂಬಸಾಲು. 132 ಎಂದರೆ 1ನೇ ಅಂತಸ್ತು, 3ನೇ ಅಡ್ಡಸಾಲು, 2ನೇ ಕಂಬಸಾಲು. ಗೆಲ್ಲುವ ಗೆರೆಯಲ್ಲಿ ಪ್ರತಿ ಸ್ಥಾನದ ಅಂಕಿ ಒಂದೋ ಬದಲಾಗದೆ ನಿಲ್ಲುತ್ತದೆ, ಇಲ್ಲವೇ 1-2-3-4 ಎಂದು ಏರುತ್ತದೆ, ಇಲ್ಲವೇ 4-3-2-1 ಎಂದು ಇಳಿಯುತ್ತದೆ. 141, 232, 323, 414 ಇವು ಪರದೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅಂಕಿ ಓದಿದರೆ ಗೆರೆ ಎಂದು ತಕ್ಷಣ ಗೊತ್ತಾಗುತ್ತದೆ. ಕಣ್ಣನ್ನು ನಂಬಿ ಆಡುವವರು ಸೋಲುವುದು ಹೆಚ್ಚಾಗಿ ಇಂಥ ಗೆರೆಗಳಲ್ಲೇ.

ಒಟ್ಟು ಗೆರೆಗಳು 76: ನೇರವಾದವು 48, ಒಂದೇ ಹಾಳೆಯೊಳಗಿನ (ಘನವನ್ನು ಅಡ್ಡಕ್ಕೋ ನಿಲುವಿಗೋ ಕೊಯ್ದರೆ ಸಿಗುವ 16 ಮನೆಯ ಪದರ) ಓರೆಗೆರೆಗಳು 24, ಘನದ ಮೂಲೆಯಿಂದ ಎದುರು ಮೂಲೆಗೆ ಹೋಗುವವು 4. ಪ್ರತಿ ನಡೆಗೂ 76ನ್ನೂ ನೋಡಬೇಕಿಲ್ಲ. ಕಂಪ್ಯೂಟರ್ ಈಗಷ್ಟೇ ಇಟ್ಟ ಮನೆಯ ಮೇಲೆ ಹಾಯುವ ಗೆರೆಗಳನ್ನು ನೋಡಿದರೆ ಸಾಕು. ಅವು 4 ಅಥವಾ 7, ಅಷ್ಟೇ. ಮೂರು ನೇರ ಗೆರೆ ಎಲ್ಲ ಮನೆಗೂ ಉಂಟು. ಮೂರು ಅಂಕಿಗಳಲ್ಲಿ ಯಾವ ಎರಡು ಸಮವಾಗಿದ್ದರೂ, ಅಥವಾ ಅವುಗಳ ಮೊತ್ತ 5 ಆದರೂ, ಆ ಜೋಡಿಗೆ ಒಂದು ಓರೆಗೆರೆ. ಮೂರು ಜೋಡಿಯೂ ಹೊಂದಿದರೆ ಮೂಲೆಯಿಂದ ಎದುರು ಮೂಲೆಗೆ ಹೋಗುವ ಗೆರೆಯೂ ಒಂದು ಸೇರುತ್ತದೆ. 132ರಲ್ಲಿ 3 ಮತ್ತು 2 ಸೇರಿ 5. ಉಳಿದ ಜೋಡಿಗಳು ಹೊಂದುವುದಿಲ್ಲ, ಹಾಗಾಗಿ 4 ಗೆರೆ. ಎಲ್ಲ ಅಂಕಿಯೂ 1 ಅಥವಾ 4 ಆಗಿರುವ 8 ಮೂಲೆಗಳಿಗೆ, ಎಲ್ಲವೂ 2 ಅಥವಾ 3 ಆಗಿರುವ 8 ಒಳಮನೆಗಳಿಗೆ ಮಾತ್ರ 7 ಗೆರೆ. ಆರಂಭದ ನಡೆಗಳು ಈ 16ರೊಳಗೇ ಇರಲಿ. ಮೂಲೆ ಮೇಲೋ ಒಳಮನೆ ಮೇಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ; ಗೆರೆಗಳ ಜೋಡಣೆಯ ದೃಷ್ಟಿಯಿಂದ ಎರಡೂ ಒಂದೇ.

ಈಗ ಎದುರಾಳಿ. ಸಾಮಾನ್ಯ ಪ್ರೋಗ್ರಾಂ ಕೆಲವು ನಡೆ ಮುಂದಕ್ಕೆ ಹುಡುಕಿ, ಅಲ್ಲಿ ನಿಂತು ಗೆರೆಗಳಿಗೆ ಅಂಕ ಹಾಕುತ್ತದೆ. ಒಬ್ಬರದೇ ಕಾಯಿ ಇರುವ ಗೆರೆಗೆ ಬೆಲೆ, ಇಬ್ಬರ ಕಾಯಿಯೂ ಬಿದ್ದ ಗೆರೆ ಸತ್ತಂತೆ. ಖಾಲಿ ಹಲಗೆಯಲ್ಲಿ ನಾಲ್ಕೇ ನಡೆ ಮುಂದೆ ನೋಡಲು 64×63×62×61, ಅಂದರೆ 1,52,49,024 ದಾರಿಗಳು. ಪ್ರಯೋಜನವಿಲ್ಲದ ಕೊಂಬೆಗಳನ್ನು ಕತ್ತರಿಸಿದರೂ ಕೆಳಗಿನ ಹಂತಗಳಲ್ಲಿ ಅದರ ನೋಟ ಬೇಗ ಮುಗಿಯುತ್ತದೆ. ನಮ್ಮ ಅನುಕೂಲ ಇಲ್ಲಿದೆ. ಒಂದು ಗೆರೆಯಲ್ಲಿ ಮೂರು ಕೂಡಿಸಿದರೆ ಅದು ಚೆಸ್‌ನಲ್ಲಿ ಚೆಕ್ ಕೊಟ್ಟ ಹಾಗೆ: ಉತ್ತರ ಒಂದೇ ಒಂದು. ಇಂಥ ಬಲವಂತದ ನಡೆಗಳನ್ನು ಹೆಣೆಯುತ್ತ ಹೋದರೆ ಹನ್ನೊಂದನೇ ನಡೆಯನ್ನೂ ನಾವು ಕಾಗದದ ಮೇಲೆ ಕಾಣಬಹುದು. ನಾಲ್ಕು ನಡೆ ನೋಡುವ ಕಂಪ್ಯೂಟರ್‌ಗೆ ಅದು ಕಾಣದು.

ಒಂದು ಸರಣಿಯನ್ನು ಹಲಗೆಯ ಮೇಲೆ ಆಡಿ ನೋಡಿ. 1ನೇ ಅಂತಸ್ತಿನಲ್ಲಿ 111, 114, 141 ನಮ್ಮವು, ಉಳಿದ 13 ಮನೆ ಖಾಲಿ, ಸರದಿ ನಮ್ಮದು.

132 ಇಡಿ, ಕಂಪ್ಯೂಟರ್ 123ರಲ್ಲಿ ತಡೆಯಲೇಬೇಕು.
112 ಇಡಿ; ಅದು 113.
131 ಇಡಿ, ಅದು 121.
133 ಇಡಿ, ಅದು 134.
122 ಇಡಿ. ಈಗ 111-122-133ಕ್ಕೆ 144 ಬೇಕು, 112-122-132ಕ್ಕೆ 142 ಬೇಕು. ಒಂದನ್ನು ತಡೆದರೆ ಇನ್ನೊಂದರಲ್ಲಿ ಗೆಲುವು.

ಕ್ರಮ ಮುಖ್ಯ. 132, 131 ಎರಡೂ ಕೂತಿರದೆ 133 ಇಟ್ಟರೆ 3ನೇ ಅಡ್ಡಸಾಲಿನಲ್ಲಿ ಮೂರು ಆಗುವುದಿಲ್ಲ. ಎದುರಾಳಿಗೆ ಒಂದು ನಡೆ ಬಿಟ್ಟಿ ಸಿಗುತ್ತದೆ. 112 ಮರೆತು 122ಕ್ಕೆ ಹಾರಿದರೆ ಕೊನೆಯಲ್ಲಿ ಒಂದೇ ಬೆದರಿಕೆ ಉಳಿಯುತ್ತದೆ.

ಸರಣಿ ಮುರಿಯುವುದು ಸಾಮಾನ್ಯವಾಗಿ ಬೇರೆ ಅಂತಸ್ತಿನಿಂದ. ನಾವು ಬಲವಂತವಾಗಿ ಇಡಿಸುವ 123, 113, 121, 134 ಅದಕ್ಕೆ ಪುಕ್ಕಟೆ ಕಾಯಿಗಳೂ ಹೌದು. ಹೊರಡುವ ಮೊದಲು ಈ ನಾಲ್ಕರ ಮೇಲಿನ ಲಂಬ ಗೆರೆಗಳನ್ನು, ಜೊತೆಗೆ 113-223-333-443, 121-222-323-424, 134-233-332-431 ಈ ಓರೆಗೆರೆಗಳನ್ನು ನೋಡಿ. ಯಾವುದರಲ್ಲಾದರೂ ಅದರ ಎರಡು ಕಾಯಿ ಇದ್ದು ಇನ್ನೊಂದು ಮನೆ ಖಾಲಿಯಿದ್ದರೆ, ಅದರ ತಡೆಯೇ ನಮಗೆ ಚೆಕ್ ಆಗುತ್ತದೆ. ಆಗ ನಾವು ತಡೆಯಲು ಇಡುವ ಕಾಯಿ ತಾನೂ ಹೊಸ ಬೆದರಿಕೆ ಹುಟ್ಟಿಸದಿದ್ದರೆ ಸರಣಿ ಅಲ್ಲಿಗೇ ನಿಂತಿತು.

ಇನ್ನೊಂದು ತೊಡಕು: ಮೂರನೇ ಮೂಲೆ ಹಿಡಿಯುವುದು ತಾನಾಗಿ ಬಲವಂತದ ನಡೆಯಲ್ಲ. ಸುಮ್ಮನೆ ಹಿಡಿದರೆ ಕಂಪ್ಯೂಟರ್ ಆ ಹಾಳೆಯಲ್ಲೇ ಒಂದು ಕಾಯಿ ಹಾಕಿ ಕೆಡಿಸಬಹುದು. ಆದ್ದರಿಂದ ಅದನ್ನೂ ಚೆಕ್ ಕೊಟ್ಟೇ ಹಿಡಿಯಿರಿ. 111, 114 ಜೊತೆ 232, 323 ನಮ್ಮಲ್ಲಿದ್ದು 414 ಖಾಲಿಯಿದ್ದರೆ, 141 ಇಟ್ಟ ಕೂಡಲೇ ಅದು 414ಕ್ಕೆ ಓಡಬೇಕು. ಆ ಮನೆ 4ನೇ ಅಂತಸ್ತಿನದು. 1ನೇ ಅಂತಸ್ತು ಮುಟ್ಟದೆ ಉಳಿಯಿತು, ಸರದಿ ಮತ್ತೆ ನಮ್ಮದು. 323 ನಮ್ಮದಾದ್ದರಿಂದ ಮೇಲೆ ಹೇಳಿದ 121ರ ಓರೆಗೆರೆಯೂ ಸತ್ತಿತು, ನೋಡಬೇಕಾದ್ದು ಒಂದು ಕಡಿಮೆ.

ಅಂದ ಹಾಗೆ, ಬಲವಂತದ ನಡೆಗಳನ್ನು ಖುಷಿಗೆಂದು ಖರ್ಚು ಮಾಡಬೇಡಿ. ಮೂರು ಕೂಡಿಸಿ ತಡೆಸಿಕೊಂಡರೆ ಆ ಗೆರೆ ಹೋಯಿತು, ಅದಕ್ಕೊಂದು ಕಾಯಿಯೂ ದಕ್ಕಿತು. ಕೊನೆಯ ಜೋಡಿ ಬೆದರಿಕೆ ಕಾಣುವವರೆಗೆ ಎರಡರ ಗೆರೆಗಳನ್ನು ಹಾಗೇ ಕೂಡಿಟ್ಟುಕೊಳ್ಳಿ.

ಮೇಲಿನ ಹಂತದ ಪ್ರೋಗ್ರಾಂಗಳು ಬೇರೆ ಜಾತಿ. ಅವು ಬಲವಂತದ ಸರಣಿಗಳನ್ನೇ ಪ್ರತ್ಯೇಕವಾಗಿ ಕೊನೆಯವರೆಗೆ ಹುಡುಕುತ್ತವೆ; ಒಂದೊಂದಕ್ಕೂ ಉತ್ತರ ಒಂದೇ ಆದ್ದರಿಂದ ಕೊಂಬೆಗಳು ಕಡಿಮೆ, ಆಳಕ್ಕೆ ಇಳಿಯುವುದು ಸುಲಭ. ಅವುಗಳ ಎದುರು ನಾವೇ ಮೊದಲು ಆಡಬೇಕು. ಮೊದಲು ಆಡುವವರು ಗೆಲ್ಲಲು ಸಾಧ್ಯ ಎಂದು ಗಣಕ ವಿಜ್ಞಾನಿ ಓರೆನ್ ಪಟಾಶ್ನಿಕ್ 1980ರಲ್ಲಿ ಪ್ರಕಟಿಸಿ ತೋರಿಸಿದರು. ಅದಕ್ಕೆ ಸುಮಾರು 1500 ಗಂಟೆಗಳ ಕಂಪ್ಯೂಟರ್ ಕೆಲಸ ಹಿಡಿದಿತ್ತು. ಎರಡನೆಯವರಾಗಿ ಆಡಲೇಬೇಕಾದರೆ, ಒಂದೇ ಹಾಳೆಯಲ್ಲಿ ಅದು ಎರಡು ಮೂಲೆ ಹಿಡಿದು ಉಳಿದದ್ದೆಲ್ಲ ಖಾಲಿ ಕಂಡ ಕೂಡಲೇ ಅಲ್ಲಿ ನಿಮ್ಮದೊಂದು ಕಾಯಿ ಇಡಿ, ಸಾಧ್ಯವಾದರೆ ಮೂರನೇ ಮೂಲೆಯಲ್ಲೇ: 7 ಗೆರೆಯ ಮನೆಯೂ ನಿಮಗಾಯಿತು.