ಕ್ಯೂಎಮುವಿನಲ್ಲಿ ಓಡಿದ ಇಮೇಜ್ ಪಿಸಿಯಲ್ಲಿ ಏಕೆ ನಿಲ್ಲುತ್ತದೆ?

ಲಿನಕ್ಸ್ ಸಿಸ್ಟಮ್ ಕಟ್ಟುವ ಸಾಧನಗಳಾದ ಬಿಲ್ಡ್‌ರೂಟ್‌ನಲ್ಲಾಗಲಿ ಡಿಬೂಟ್‌ಸ್ಟ್ರ್ಯಾಪ್‌ನಲ್ಲಾಗಲಿ ಲಿನಕ್ಸ್ ಇಮೇಜ್ (ಡಿಸ್ಕಿಗೆ ನೇರವಾಗಿ ಬರೆಯಬಹುದಾದ ಇಡೀ ಸಿಸ್ಟಮ್‌ನ ಫೈಲ್) ಕಟ್ಟಿ, ಪಿಸಿಯನ್ನು ಅನುಕರಿಸುವ ತಂತ್ರಾಂಶವಾದ ಕ್ಯೂಎಮುವಿನಲ್ಲಿ ಲಾಗಿನ್ ಪ್ರಾಂಪ್ಟ್‌ವರೆಗೆ ತರುವುದು ಕಷ್ಟವಲ್ಲ. ಅದನ್ನೇ ಪೆನ್‌ಡ್ರೈವ್‌ಗೆ ಬರೆದು ಪಿಸಿಗೆ ಹಾಕಿದಾಗ ತೊಡಕು ಶುರುವಾಗುತ್ತದೆ. ಬೂಟ್ ಯಾವ ಹಂತದಲ್ಲಿ ನಿಂತಿತು ಎಂದು ಮೊದಲು ಪತ್ತೆ ಮಾಡಿ. ಕರ್ನಲ್ (ಲಿನಕ್ಸ್‌ನ ತಿರುಳು) ಕಾನ್ಫಿಗ್‌ಗೆ ಕೈ ಹಾಕುವುದು ಆಮೇಲೆ.

ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಕಾಣಿಸದಿದ್ದರೆ ಅಥವಾ ಆರಿಸಿದರೂ ಮೆನುವಿಗೇ ವಾಪಸ್ ಬಂದರೆ, ಕರ್ನಲ್ ಇನ್ನೂ ಶುರುವೇ ಆಗಿಲ್ಲ. ಬೇರೇನೂ ಹೇಳದಿದ್ದರೆ ಪಿಸಿ ಮಾದರಿಯ ಕ್ಯೂಎಮು ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಆಗುತ್ತದೆ. ಇಂದಿನ ಪಿಸಿಗಳು ಬಳಸುವ ಹೊಸ ಬೂಟ್ ರೀತಿಯಾದ ಯುಇಎಫ್‌ಐ ಪರೀಕ್ಷಿಸಲು ಕ್ಯೂಎಮುವಿಗೆ ಓವಿಎಂಎಫ್ ಎಂಬ ಯುಇಎಫ್‌ಐ ಫರ್ಮ್‌ವೇರ್ ಕೊಡಲೇಬೇಕು. ಇಮೇಜ್‌ನಲ್ಲಿ ಜಿಪಿಟಿ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿಯ ಹೊಸ ರೀತಿ) ಇರಲಿ. ಮೊದಲ ಪಾರ್ಟಿಷನ್ 2048ನೇ ಸೆಕ್ಟರ್‌ನಿಂದ, 512 ಎಂಬಿ, ಫ್ಯಾಟ್32, ಟೈಪ್ ಇಎಫ್00 (ಯುಇಎಫ್‌ಐ ಬೂಟ್ ಪಾರ್ಟಿಷನ್). ಇನ್‌ಸ್ಟಾಲ್ ಆದ ಸಿಸ್ಟಮ್‌ನ ಲೋಡರ್ (ಕರ್ನಲ್ ಶುರುಮಾಡುವ ಪ್ರೋಗ್ರಾಂ) ಎಲ್ಲಿದೆಯೆಂಬುದು ಮದರ್‌ಬೋರ್ಡ್‌ನ ನೆನಪಿನಲ್ಲಿ ದಾಖಲಾಗಿರುತ್ತದೆ. ಹೊಸದಾಗಿ ಚುಚ್ಚಿದ ಪೆನ್‌ಡ್ರೈವ್‌ಗೆ ಅಂಥ ದಾಖಲೆ ಇರುವುದಿಲ್ಲ. ಹಾಗಾಗಿ 'ಇಎಫ್‌ಐ' ಫೋಲ್ಡರ್‌ನೊಳಗಿನ 'ಬೂಟ್' ಫೋಲ್ಡರ್‌ನಲ್ಲಿ 'ಬೂಟ್‌ಎಕ್ಸ್64.ಇಎಫ್‌ಐ' ಎಂಬ ಹೆಸರಲ್ಲೇ ಲೋಡರ್ ಇರಬೇಕು. ಗ್ರಬ್ ಎಂಬ ಲೋಡರ್ ಇನ್‌ಸ್ಟಾಲ್ ಮಾಡುವಾಗ 'ರಿಮೂವಬಲ್' ಆಪ್ಷನ್ ಕೊಟ್ಟರೆ ಅದು ಅಲ್ಲಿಗೇ ಹೋಗುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಲೋಡರ್ ಓಡುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಆಫ್ ಮಾಡಿ.

ಹೆಚ್ಚಿನವರು ಸಿಕ್ಕಿಬೀಳುವುದು ಮುಂದಿನ ಹಂತದಲ್ಲಿ. ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಪುಟ್ಟ ಆರಂಭಿಕ ಫೈಲ್‌ಸಿಸ್ಟಮ್) ಇಲ್ಲದ ಇಮೇಜ್ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ 0,0' ಎಂದು ಪ್ಯಾನಿಕ್ ಆಗುತ್ತದೆ, ಅಂದರೆ ರೂಟ್ ಪಾರ್ಟಿಷನ್ ಸಿಗದೆ ಕರ್ನಲ್ ನಿಂತುಬಿಡುತ್ತದೆ. ಆ ಸಾಲಿಗಿಂತ ಸ್ವಲ್ಪ ಮೇಲೆ, ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿಯನ್ನು ಕರ್ನಲ್ ತಾನೇ ಬರೆದಿರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಪಟ್ಟಿಯಲ್ಲಿ ನಿಮ್ಮ ಪಾರ್ಟಿಷನ್ ಇದ್ದರೆ ರೂಟ್ ಪಾರ್ಟಿಷನ್ ಯಾವುದೆಂದು ಕರ್ನಲ್‌ಗೆ ಹೇಳುವ 'ರೂಟ್' ಪ್ಯಾರಾಮೀಟರ್ ತಪ್ಪಿದೆ: ವರ್ಟ್‌ಐಒ (ವರ್ಚುವಲ್ ಯಂತ್ರಗಳಿಗಾಗಿ ಇರುವ) ಡಿಸ್ಕ್ ಬಳಸಿದ ಕ್ಯೂಎಮುವಿನಲ್ಲಿ 'ವಿಡಿಎ2' ಆಗಿದ್ದದ್ದು ಪಿಸಿಯಲ್ಲಿ 'ಎಸ್‌ಡಿಬಿ2' ಆಗಿರಬಹುದು. ಅದಕ್ಕೇ ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಸ್ಥಿರ ಗುರುತು) ಬಳಸಿ. ಫೈಲ್‌ಸಿಸ್ಟಮ್‌ನ ಯುಯುಐಡಿ ಬೇರೆ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಕರ್ನಲ್‌ಗೆ ಅದು ಅರ್ಥವಾಗದು.

ಪಟ್ಟಿ ಖಾಲಿ ಇದ್ದರೆ ಎರಡು ಸಾಧ್ಯತೆ. ಯುಎಸ್‌ಬಿ ಡಿಸ್ಕ್ ಏಳಲು ಕೆಲವು ಸೆಕೆಂಡ್ ಬೇಕು. 'ರೂಟ್‌ವೇಟ್' ಸೇರಿಸಿದರೆ ಕರ್ನಲ್ ಕಾಯುತ್ತದೆ. ಕಾದರೂ ಬರದಿದ್ದರೆ ಡ್ರೈವರ್ ಇಲ್ಲ. ವರ್ಟ್‌ಐಒ ಒಂದನ್ನೇ ಸೇರಿಸಿ ಕಟ್ಟಿದ ಕರ್ನಲ್‌ಗೆ ಎಕ್ಸ್‌ಎಚ್‌ಸಿಐ (ಯುಎಸ್‌ಬಿ ನಿಯಂತ್ರಕ), ಯುಎಸ್‌ಬಿ ಸ್ಟೋರೇಜ್, ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಏನೂ ತಿಳಿಯದು. ಇವುಗಳ ಡ್ರೈವರ್‌ಗಳು ಮಾಡ್ಯೂಲ್ (ಪ್ರತ್ಯೇಕ ಫೈಲ್) ಆಗಿ ರೂಟ್ ಪಾರ್ಟಿಷನ್‌ನಲ್ಲೇ ಇದ್ದರೂ ಪ್ರಯೋಜನವಿಲ್ಲ, ಆ ಪಾರ್ಟಿಷನ್ ಓದಲೇ ಡ್ರೈವರ್ ಬೇಕಲ್ಲ. ಕರ್ನಲ್‌ನೊಳಗೇ ಸೇರಿಸಿ, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿಡಿ. ಪ್ಯಾನಿಕ್ ಸಾಲಿನಲ್ಲಿ 0,0 ಬದಲು 8,2ರಂಥ ಸಂಖ್ಯೆ ಬಂದರೆ ಡಿಸ್ಕ್ ಸಿಕ್ಕಿದೆ. ಅದರ ಫೈಲ್‌ಸಿಸ್ಟಮ್‌ಗೆ ಬೇಕಾದ ಡ್ರೈವರ್, ಉದಾಹರಣೆಗೆ ಇಎಕ್ಸ್‌ಟಿ4, ಇದೆಯೇ ನೋಡಿ.

ಪರದೆ ಪೂರ್ತಿ ಕಪ್ಪಾಗಿದ್ದರೆ ಕರ್ನಲ್ ಸತ್ತಿದೆ ಎಂದುಕೊಳ್ಳಬೇಡಿ. ಕ್ಯೂಎಮುವಿಗಾಗಿ ಹಾಕಿದ 'ಕನ್ಸೋಲ್=ಟಿಟಿವೈಎಸ್0' ಉಳಿದಿದ್ದರೆ ಸಂದೇಶಗಳೆಲ್ಲ ಸೀರಿಯಲ್ ಪೋರ್ಟಿಗೆ ಹೋಗುತ್ತಿರುತ್ತವೆ. ಅದರ ನಂತರ 'ಕನ್ಸೋಲ್=ಟಿಟಿವೈ0' ಸೇರಿಸಿ: ಸಂದೇಶ ಎರಡೂ ಕಡೆ ಬರುತ್ತದೆ, ಕೊನೆಯಲ್ಲಿ ಬರೆದದ್ದೇ ಮುಖ್ಯ ಕನ್ಸೋಲ್ ಆಗುತ್ತದೆ.