ಫೈಲ್ ಹಗುರ, ದೃಶ್ಯ ಭಾರ: 486 ಕಂಪ್ಯೂಟರಿನಲ್ಲಿ ವಿಆರ್‌ಎಂಎಲ್

1994ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವೆಬ್‌ನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಪುಟ ಬರೆಯಲು ಎಚ್‌ಟಿಎಂಎಲ್ ಇರುವ ಹಾಗೆ, ಒಳಗೆ ಓಡಾಡಬಹುದಾದ ತ್ರೀಡಿ ಜಾಗ ಬರೆಯಲೂ ಒಂದು ಭಾಷೆ ಬೇಕು ಅನ್ನುವ ಮಾತು ಅಲ್ಲಿ ಎದ್ದಿತು. ಆ ಭಾಷೆಗೆ ವಿಆರ್‌ಎಂಎಲ್ ಎಂಬ ಹೆಸರು ಕೊಟ್ಟವರು ಡೇವ್ ರ್ಯಾಗೆಟ್. ಮುಂದಕ್ಕೆ ಒಯ್ದವರಲ್ಲಿ ಮಾರ್ಕ್ ಪೆಶಿ, ಟೋನಿ ಪ್ಯಾರಿಸಿ ಮುಖ್ಯರು. ಮೊದಲ ಆವೃತ್ತಿಗೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ತ್ರೀಡಿ ದೃಶ್ಯ ಬರೆದಿಡುವ ಓಪನ್ ಇನ್ವೆಂಟರ್ ಫೈಲ್ ರೂಪವೇ ಆಧಾರವಾಯಿತು. ಅದು ದುಬಾರಿ ವರ್ಕ್‌ಸ್ಟೇಷನ್‌ಗಳ ನಡುವೆ ಬೆಳೆದದ್ದು. 486 ಪ್ರೊಸೆಸರಿನ ಮನೆ ಕಂಪ್ಯೂಟರಿನ ಪಾಡು ಏನಾಯಿತು ಅಂತ ತಿಳಿಯಲು ಇದನ್ನು ನೆನಪಿಡಿ.

ವಿಆರ್‌ಎಂಎಲ್ ಫೈಲ್ ಅಂದರೆ ಬರೀ ಪಠ್ಯ. ನೋಟ್‌ಪ್ಯಾಡ್ ಸಾಕು. ಒಂದರೊಳಗೆ ಒಂದು ಸೇರಿಸಿದ ನೋಡ್‌ಗಳು, ಅಂದರೆ ದೃಶ್ಯದ ಒಂದೊಂದು ಅಂಶದ ವಿವರಣೆಗಳು, ಇರುತ್ತವೆ: ಆಕಾರಕ್ಕೆ ಒಂದು, ಬಣ್ಣಕ್ಕೆ ಒಂದು, ಎಲ್ಲಿ ಇಡಬೇಕು ಅನ್ನುವುದಕ್ಕೆ ಟ್ರಾನ್ಸ್‌ಫಾರ್ಮ್. ಅಳತೆ ಮೀಟರಿನಲ್ಲಿ, ಕೋನ ರೇಡಿಯನ್‌ನಲ್ಲಿ. 90 ಡಿಗ್ರಿ ತಿರುಗಿಸಬೇಕಾದರೆ 1.57 ಅಂತ ಬರೆಯಬೇಕು.

ಆ ಕಾಲದ ಅಡ್ಡಿ ಅಂದರೆ ಮೋಡೆಮ್ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನನಗೆ ಹಾಗನಿಸುವುದಿಲ್ಲ. 28.8 ಕಿಲೋಬಿಟ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3.6 ಕಿಲೋಬೈಟ್ ಬರುತ್ತಿತ್ತು. 36 ಕಿಲೋಬೈಟ್ ಫೈಲಿಗೆ 10 ಸೆಕೆಂಡ್. ಫೈಲನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಇನ್ನೂ ಕಮ್ಮಿ. ಇಷ್ಟು ಹೊತ್ತು ಕಾಯಬಹುದು. ನಿಜವಾದ ಕಷ್ಟ ಫೈಲ್ ಬಂದ ಮೇಲೆ.

ಗೋಳವನ್ನೇ ನೋಡಿ. ಫೈಲಿನಲ್ಲಿ ಅದು ಒಂದು ಪದ, ಒಂದು ತ್ರಿಜ್ಯ. ಬ್ರೌಸರ್ ಮಾತ್ರ ಅದನ್ನು ತ್ರಿಕೋನಗಳಾಗಿ ಒಡೆಯಬೇಕು. ಸುತ್ತಲೂ 16 ಭಾಗ, ಮೇಲಿಂದ ಕೆಳಗೆ 8 ಪಟ್ಟಿ ಅಂತ ಇಟ್ಟುಕೊಳ್ಳಿ. ತುದಿಯ ಎರಡು ಪಟ್ಟಿಗಳಲ್ಲಿ 16ರಂತೆ 32, ನಡುವಿನ ಆರರಲ್ಲಿ 32ರಂತೆ 192. ಒಟ್ಟು 224 ತ್ರಿಕೋನ. ಪೆಟ್ಟಿಗೆಯಾದರೆ 12 ಸಾಕು. ಈಗ ಎಲೆಗಳ ಗುಂಪಿಗೆ ಒಂದೊಂದು ಗೋಳ ಇಟ್ಟು 100 ಮರ ನೆಡಿ: 22,400. ಸೆಕೆಂಡಿಗೆ 10 ಚಿತ್ರವಾದರೂ ಬೇಕಲ್ಲ? 2,24,000 ಆಯಿತು. ಒಂದು ಮೂಲೆಬಿಂದುವನ್ನು ತಿರುಗಿಸಲು 9 ಗುಣಾಕಾರ. ಆಮೇಲೆ ಬೆಳಕಿನ ಲೆಕ್ಕ, ಪಿಕ್ಸೆಲ್ ತುಂಬುವ ಕೆಲಸ. ತ್ರೀಡಿ ಕಾರ್ಡ್ ಇಲ್ಲದ 486ಕ್ಕೆ ಇದು ಆಗದ ಮಾತು. 486 ಎಸ್‌ಎಕ್ಸ್ ಆದರೆ ಇನ್ನೂ ಕಷ್ಟ, ಅದರಲ್ಲಿ ದಶಮಾಂಶ ಲೆಕ್ಕದ ಘಟಕವೇ ಇರಲಿಲ್ಲ.

ಡೆಫ್ ಮತ್ತು ಯೂಸ್ ಎಂಬ ಎರಡು ಪದಗಳ ಬಗ್ಗೆ ಕಲಿಯುವವರು ಇಲ್ಲೇ ಎಡವುತ್ತಾರೆ. ಮರವನ್ನು ಒಮ್ಮೆ ಬರೆದು ಡೆಫ್‌ನಿಂದ ಹೆಸರು ಕೊಟ್ಟು, ಉಳಿದ 99 ಕಡೆ ಯೂಸ್ ಅಂದರೆ ಫೈಲ್ ಚಿಕ್ಕದಾಗುತ್ತದೆ, ಮೆಮೊರಿಯೂ ಉಳಿಯುತ್ತದೆ. ಆದರೆ ಚಿತ್ರ ಬಿಡಿಸುವ ಕೆಲಸ ಒಂದು ಚೂರೂ ಕಮ್ಮಿಯಾಗುವುದಿಲ್ಲ. ಸಾಲದ ಚೀಟಿ ಎಷ್ಟು ಚಿಕ್ಕದಿದ್ದರೂ ಕೊಡಬೇಕಾದ ದುಡ್ಡು ಅಷ್ಟೇ ತಾನೆ!

ಪ್ರೊಸೆಸರಿನ ಹೊರೆ ಇಳಿಸಲು ಬೇರೆ ನೋಡ್ ಬೇಕು. ಎಲ್‌ಒಡಿ (ಲೆವೆಲ್ ಆಫ್ ಡೀಟೇಲ್) ನೋಡ್‌ನಲ್ಲಿ ಒಂದೇ ವಸ್ತುವಿನ ಹಲವು ರೂಪ ಕೊಟ್ಟು, ಯಾವ ದೂರಕ್ಕೆ ಯಾವುದು ಅಂತ ಹೇಳಬಹುದು. ಹತ್ತಿರದ ಮರಕ್ಕೆ ಗೋಳ. ದೂರದ್ದಕ್ಕೆ ಬಿಲ್‌ಬೋರ್ಡ್, ಅಂದರೆ ಯಾವಾಗಲೂ ನೋಡುಗನ ಕಡೆಗೇ ತಿರುಗುವ ಚಪ್ಪಟೆ ಹಲಗೆ. 224ರ ಜಾಗದಲ್ಲಿ ಎರಡೇ ತ್ರಿಕೋನ! ಬಿಲ್‌ಬೋರ್ಡ್ 1996ರ 2.0 ಆವೃತ್ತಿಯಲ್ಲಿ ಬಂತು.

ದೀಪಗಳನ್ನು ಸುಮ್ನೆ ಸೇರಿಸಬೇಡಿ. ಪ್ರತಿ ದೀಪಕ್ಕೂ ಲೆಕ್ಕ ಮತ್ತೆ ಮಾಡಬೇಕು. 2.0ರಲ್ಲಿ ನೋಡುಗನ ಜೊತೆಗೇ ಸಾಗುವ ದೀಪ, ಅಂದರೆ ಹೆಡ್‌ಲೈಟ್, ಮೊದಲೇ ಉರಿಯುತ್ತಿರುತ್ತದೆ. ಚಿಕ್ಕ ಕೋಣೆಗೆ ಅಷ್ಟೇ ಸಾಕು.